ಒಂದು ನಂಬರು ದೊಡ್ಡದು

ಮಕ್ಕಳ ಪಾದಗಳು ವರ್ಷವಿಡೀ ಒಂದೇ ಸಮನೆ ಬೆಳೆಯುತ್ತವೆ ಎಂದು ಬಲ್ಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವು ಬೆಳೆಯುವುದು ಬೇಸಿಗೆ ರಜೆಯ ಕೊನೆಯ ವಾರದಲ್ಲಿ. ತಂದೆಯಾದವನು ಶಾಲೆಯ ಫೀಸು, ಪುಸ್ತಕ, ರೇನ್‌ಕೋಟು, ಹೊಸ ದಪ್ತರ, ನೀರಿನ ಬಾಟಲಿ ಎಲ್ಲವನ್ನೂ ಮುಗಿಸಿ, 'ಈ ವರ್ಷದ್ದು ಇಷ್ಟಕ್ಕ ಮುಗೀತಪಾ' ಎಂದು ಕುರ್ಚಿಗೆ ಒರಗುವುದನ್ನೇ ಅವು ಕಾಯುತ್ತಿರುತ್ತವೆ. ಏಪ್ರಿಲ್‌ನಲ್ಲಿ ಪರೀಕ್ಷೆಗೆ ಹೋಗುವಾಗ ಸಲೀಸಾಗಿ ಕಾಲನ್ನು ಒಳಗೆ ಬಿಟ್ಟುಕೊಂಡಿದ್ದ ಬೂಟು ಜೂನ್‌ನಲ್ಲಿ ಹಿಮ್ಮಡಿಯನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ಪುಣೆಯಲ್ಲಿ ಜೂನ್ ಎಂದರೆ ಮಳೆ, ಪಂಢರಪುರಕ್ಕೆ ಹೊರಟ ಪಾಲಖಿ, ಶಾಲೆ ಮೂರೂ ಒಟ್ಟಿಗೇ ಬಂದು ರಸ್ತೆ ತುಂಬುವ ಕಾಲ. ಆ ಗದ್ದಲದಲ್ಲಿ ಕೈಯಲ್ಲೊಂದು ಹಳೆಯ ಬೂಟು ಹಿಡಿದುಕೊಂಡು ಅಂಗಡಿಯ ಮುಂದೆ ಪೆಚ್ಚಾಗಿ ನಿಂತ ಗಂಡಸನ್ನು ನೀವು ನೋಡಿದ್ದರೆ ಅದು ನಾನೇ ಇರಬಹುದು. ನಾನಲ್ಲದಿದ್ದರೆ ನನ್ನಂಥ ಇನ್ನೊಬ್ಬ.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಊರು ಧಾರವಾಡ. ಮನೆ ಪುಣೆಯ ಕೊಂಢವಾದಲ್ಲಿ, ಮೂರನೇ ಮಹಡಿ. ಮನೆಯಲ್ಲಿ ನನ್ನ ತಾಯಿ, ಹೆಂಡತಿ ಶೈಲಜಾ, ಮತ್ತು ಈ ವರ್ಷ ಐದನೇ ಕ್ಲಾಸಿಗೆ ಬಂದ ಮಗಳು ಅನಘಾ. ಹೊಟ್ಟೆಪಾಡು ಒಂದು ಬೇರಿಂಗ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಬೇರಿಂಗ್ ಎಂದರೆ ತಿರುಗುವ ಯಂತ್ರಗಳಿಗೆ ಹಾಕುವ ಉಕ್ಕಿನ ಬಳೆ ಎಂದಿಟ್ಟುಕೊಳ್ಳಿ. ಅದು ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ನಾನು ಅದನ್ನು ಎತ್ತಿ ಕೆಂಪು ಡಬ್ಬಿಗೆ ಹಾಕುತ್ತೇನೆ. ಆ ಡಬ್ಬಿಗೆ ಬಿದ್ದದ್ದು ಮತ್ತೆ ಎದ್ದು ಬಂದದ್ದಿಲ್ಲ. ಹೊಸದಾಗಿ ಸೇರಿದ ಇಂಜಿನಿಯರುಗಳು ನನ್ನ ಟೇಬಲ್ಲಿನ ಹತ್ತಿರ ದನಿ ತಗ್ಗಿಸಿ ಮಾತಾಡುತ್ತಾರೆ. ಇಂಥ ಮನುಷ್ಯನಿಗೆ ಒಂದು ಹುಡುಗಿಯ ಪಾದಕ್ಕೆ ಸರಿಯಾದ ಬೂಟು ಹುಡುಕುವುದು ಯಾವ ದೊಡ್ಡ ಕೆಲಸ ಎಂದು ನೀವು ಕೇಳಬಹುದು. ಶೈಲಜಾ ಪ್ರತಿ ಜೂನ್‌ನಲ್ಲೂ ಕೇಳುತ್ತಾಳೆ. ಉಕ್ಕು ಬೆಳೆಯುವುದಿಲ್ಲ, ಮಗಳು ಬೆಳೆಯುತ್ತಾಳೆ ಎನ್ನುವುದು ನನ್ನ ಉತ್ತರ. ಅವಳು ಅದನ್ನು ಉತ್ತರವೆಂದು ಯಾವತ್ತೂ ಒಪ್ಪಿಲ್ಲ.

ನಮ್ಮ ಮನೆತನದಲ್ಲಿ ಬೂಟಿನ ಬಗ್ಗೆ ಇರುವುದು ಒಂದೇ ಸಿದ್ಧಾಂತ. ಕಾಲಿಗೆ ಯಾವ ನಂಬರು ಬೇಕೋ ಅದಕ್ಕಿಂತ ಒಂದು ನಂಬರು ದೊಡ್ಡದು ತರುವುದು. ನಮ್ಮ ತಂದೆ ಅಂಗಡಿಯ ಮೆಟ್ಟಿಲು ಹತ್ತುವಾಗಲೇ 'ಬೆಳಿಯೂ ಹುಡುಗ ಅದಾನ್ರಿ' ಎಂದು ಘೋಷಿಸುತ್ತಿದ್ದರು. ಅಂಗಡಿಯವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಎಷ್ಟು ಬೆಳೆದಾನು ಎಂದು ಅಂದಾಜು ಮಾಡಿ ಡಬ್ಬಿ ಇಳಿಸುತ್ತಿದ್ದ. ಇದರಿಂದಾಗಿ ನಾನು ಶಾಲೆಗೆ ಹೋದಷ್ಟು ವರ್ಷವೂ ಕಾಲಿಗೆ ಸರಿಯಾದ ಬೂಟು ಹಾಕಿಕೊಂಡ ನೆನಪಿಲ್ಲ. ಹೊಸದಿದ್ದಾಗ ದೊಡ್ಡದು. ಸರಿಯಾಗುವ ಹೊತ್ತಿಗೆ ಅದು ಮುಂದೆ ಬಾಯಿಬಿಟ್ಟಿರುತ್ತಿತ್ತು. ನಡುವೆ ಎಲ್ಲೋ ಒಂದು ದಿನ ಬೂಟೂ ಕಾಲೂ ಒಂದಕ್ಕೊಂದು ಹೊಂದಿಕೊಂಡದ್ದಿರಬೇಕು. ಬಹುಶಃ ದಸರೆಯ ರಜೆಯಲ್ಲಿ. ಆ ದಿನ ನಾನು ಬರಿಗಾಲಲ್ಲಿ ಗೋಲಿ ಆಡುತ್ತಿದ್ದೆ. ಹಾಗಂತ ನನಗೇನು ಕೊರತೆಯಾಯಿತು? ನಡೆದೆ, ಓಡಿದೆ, ಬಿದ್ದೆ, ಡಿಪ್ಲೊಮಾ ಪಾಸಾದೆ. ಬೂಟು ಸಡಿಲವಾದ ಕಾರಣಕ್ಕೆ ಬಾಳು ಹಾಳಾದವರನ್ನು ನಾನು ಕಂಡಿಲ್ಲ.

ಒಂದು ನಂಬರು ದೊಡ್ಡದೆಂದ ಮೇಲೆ ಮುಂದೆ ಜಾಗ ಉಳಿಯುತ್ತದಲ್ಲ, ಅಲ್ಲಿಗೆ ಹತ್ತಿ. ಇದೂ ಪರಂಪರೆಯಿಂದ ಬಂದದ್ದೇ. ನಮ್ಮ ಮನೆಯಲ್ಲಿ ಹತ್ತಿ ಇರುವುದು ದೇವರ ಮಾಡದ ಸ್ಟೀಲ್ ಡಬ್ಬಿಯಲ್ಲಿ. ಅವ್ವ ಮಧ್ಯಾಹ್ನ ಟೀವಿ ಮುಂದೆ ಕುಳಿತು ಅದರಿಂದ ಹೂಬತ್ತಿ ಹೊಸೆಯುತ್ತಾಳೆ. ಅನಘಾ ಮೂರನೇ ಕ್ಲಾಸಿನಲ್ಲಿದ್ದಾಗ ನಾನು ಆ ಡಬ್ಬಿಯಿಂದಲೇ ಒಂದು ಹಿಡಿ ತೆಗೆದು ಬೂಟಿನ ಮೂಗಿಗೆ ತುರುಕಿದ್ದೆ. ಕೆಲವು ತಿಂಗಳಾದ ಮೇಲೆ ಕಾಲು ಬೆಳೆದು, ಹತ್ತಿ ಹೊರಗೆ ಬಂತು. ನೋಡಿದರೆ ಬೆಳ್ಳಗೇ ಇತ್ತು. ಬಿಸಾಡಲು ಮನಸ್ಸಾಗದೆ ಮಾಡದ ಪಕ್ಕದ ಗೂಡಿನಲ್ಲಿ ಇಟ್ಟು ಮರೆತೆ. ಅವ್ವನ ಕಣ್ಣು ಮೊದಲಿನಷ್ಟು ಚುರುಕಿಲ್ಲ. ಅದನ್ನೇ ಹಿಂಜಿ ಬತ್ತಿ ಮಾಡಿದಳು. ಅಂದು ಸಂಜೆ ದೀಪ ಹಚ್ಚಿದಾಗ ಒಂಥರಾ ವಾಸನೆ. "ಎಣ್ಣಿ ಕಲಬೆರಕಿ ಅದ ನೋಡು. ಆ ಕಿರಾಣಿ ಅಂಗಡ್ಯಾವಗ ಬುದ್ಧಿ ಹೇಳು," ಎಂದಳು ಅವ್ವ. ನಾನು ಹೋಗಿ ಕಿರಾಣಿ ಅಂಗಡಿಯವನಿಗೆ ಬುದ್ಧಿಯನ್ನೂ ಹೇಳಿ ಬೇರೆ ಎಣ್ಣೆಯನ್ನೂ ತಂದೆ. ವಾಸನೆ ಹೋಗಲಿಲ್ಲ. ಕೊನೆಗೆ ಒಂದು ಶುಕ್ರವಾರ, ನೆರೆಮನೆಯವರೆಲ್ಲ ಆರತಿಗೆ ಬಂದು ಕೈಮುಗಿದು ನಿಂತಿದ್ದಾಗ, ಅನಘಾ ಮೂಗರಳಿಸಿ, "ಅಜ್ಜೀ, ಇದು ನನ್ನ ಬೂಟಿನ ವಾಸನಿ!" ಎಂದು ಕೂಗಿಬಿಟ್ಟಳು.

ಅವ್ವನಿಗೆ ಆ ವಾರವೆಲ್ಲ ತೊಳೆಯುವುದೇ ಕೆಲಸವಾಯಿತು. ಮಾಡವನ್ನು ತೊಳೆದಳು, ದೇವರನ್ನು ತೊಳೆದಳು, ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಹತ್ತಿ ಡಬ್ಬಿಗಳಿವೆ. ಒಂದು ದೇವರದು, ಅರಿಷಿಣ ಹಚ್ಚಿದ್ದು. ಇನ್ನೊಂದು ಬೂಟಿನದು, ಬಾಲ್ಕನಿಯಲ್ಲಿ ಪೊರಕೆಯ ಪಕ್ಕ ಇರುತ್ತದೆ. ಬೂಟಿಗೆಂದೇ ಪ್ರತ್ಯೇಕ ಹತ್ತಿ ಡಬ್ಬಿ ಇಟ್ಟ ಮನೆ ಪುಣೆಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಶೈಲಜಾ ಇದನ್ನು ಬೆಳಗಾವಿಯ ತನ್ನ ತವರಿನಲ್ಲಿ ಹೇಳಿ, ಎಲ್ಲರನ್ನೂ ಬಿದ್ದು ಬಿದ್ದು ನಗಿಸಿ ಬಂದಿದ್ದಾಳೆ.

ಇನ್ನು ಅಳತೆಯ ಕ್ರಮ. ಬೂಟು ತರಲು ಮಕ್ಕಳನ್ನು ಅಂಗಡಿಗೆ ಕರೆದುಕೊಂಡು ಹೋಗಬಾರದು ಎನ್ನುವುದು ನಮ್ಮಲ್ಲಿ ಇನ್ನೊಂದು ನಿಯಮ. ಹೋದರೆ ಅವು ಶಾಲೆಯ ಕರಿ ಬೂಟನ್ನು ಬಿಟ್ಟು, ಹೆಜ್ಜೆ ಇಟ್ಟಾಗ ದೀಪ ಹತ್ತುವ ಗುಲಾಬಿ ಬೂಟಿನ ಮುಂದೆ ಕಾಲು ಊರಿ ನಿಲ್ಲುತ್ತವೆ. ಆದ್ದರಿಂದ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು, ಮಗುವಿನ ಪಾದದ ಪಕ್ಕ ಇಟ್ಟು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಅಳೆದು ಮುರಿದು, ಆ ಕಡ್ಡಿಯನ್ನು ಅಂಗಡಿಗೆ ಒಯ್ಯುವುದು. ನಾನು ಈ ಪದ್ಧತಿಗೆ ಒಂದಿಷ್ಟು ವಿಜ್ಞಾನ ಸೇರಿಸಿದ್ದೇನೆ. ಮುರಿದ ಕಡ್ಡಿಯನ್ನು ಕಾರ್ಖಾನೆಗೆ ಒಯ್ದು ನನ್ನ ಅಳತೆಯ ಉಪಕರಣದಲ್ಲಿ ಹಿಡಿದು ನೋಡುತ್ತೇನೆ. ಕಸಬರಿಗೆ ಕಡ್ಡಿಯನ್ನು ಅಷ್ಟು ಕರಾರುವಾಕ್ಕಾಗಿ ಅಳೆದವನು ದೇಶದಲ್ಲಿ ನಾನೊಬ್ಬನೇ ಎಂಬ ಹೆಮ್ಮೆ ನನಗಿದೆ. ಅಷ್ಟು ಕರಾರುವಾಕ್ಕಾಗಿ ಅಳೆದ ಮೇಲೆ ಒಂದು ನಂಬರು ದೊಡ್ಡದು ತರುವುದಾದರೆ ಅಳೆಯುವುದಾದರೂ ಯಾಕೆ ಎಂದು ಶೈಲಜಾ ಕೇಳಿದ್ದುಂಟು. ಕೆಲವು ಪ್ರಶ್ನೆಗಳಿಗೆ ನಾನು ಪೇಪರು ಓದುತ್ತೇನೆ.

ನಮ್ಮ ಬೂಟಿನ ಅಂಗಡಿ ಕೊಂಢವಾದ ದೊಡ್ಡ ರಸ್ತೆಯಲ್ಲೇ ಇದೆ. ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಕಾಕಾ ಜೀವನದಲ್ಲಿ ನಂಬಿಕೊಂಡಿರುವುದು ಒಂದೇ ಶಬ್ದವನ್ನು: 'ಚಾಲೇಲ್.' ಅಂದರೆ ನಡೆಯುತ್ತದೆ. ಬೂಟು ದೊಡ್ಡದಾಯಿತೆಂದರೆ, "ವಾಢತಂ ವಯ ಆಹೇ, ಚಾಲೇಲ್," ಬೆಳೆಯೋ ವಯಸ್ಸು, ನಡೀತದೆ. ಚಿಕ್ಕದಾಯಿತೆಂದರೆ, "ಲೆದರ್ ಸೈಲ ಹೋತಂ, ಚಾಲೇಲ್," ತೊಗಲು ಸಡಿಲಾಗ್ತದೆ, ನಡೀತದೆ. ಒಮ್ಮೆ ಒಬ್ಬಾಕೆ ಎಡಗಾಲಿನ ಎರಡು ಬೂಟು ಒಂದೇ ಡಬ್ಬಿಯಲ್ಲಿವೆ ಎಂದು ವಾಪಸು ತಂದಾಗಲೂ ಅವರ ಬಾಯಲ್ಲಿ ಮೊದಲು ಬಂದದ್ದು ಅದೇ ಶಬ್ದ. ನನಗೂ ಅವರಿಗೂ ಬಹಳ ಹೊಂದಾಣಿಕೆ. ಈ ಜೂನ್‌ನಲ್ಲಿ ಪಾಲಖಿಯ ಕಾರಣ ರಸ್ತೆಗಳೆಲ್ಲ ಬಂದಾಗಿ, ಸ್ಕೂಟರನ್ನು ದೂರದಲ್ಲಿ ನಿಲ್ಲಿಸಿ, ಕಿಸೆಯಲ್ಲಿ ಕಡ್ಡಿ ಇಟ್ಟುಕೊಂಡು ಅಂಗಡಿಗೆ ನಡೆದೆ. ಅಲ್ಲಿ ನೂರಾರು ವಾರಕರಿ ಭಕ್ತರು ಸವೆದ ಚಪ್ಪಲಿಯಲ್ಲಿ, ಕೆಲವರು ಬರಿಗಾಲಲ್ಲಿ, ತಾಳ ಹಾಕುತ್ತ ಪಂಢರಪುರದ ಕಡೆ ಹೊರಟಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಹೋಗಿ ಅನಘಾಳ ಮೊದಲ ಲೇಸಿನ ಬೂಟನ್ನು ಆರಿಸಿದೆ. ಐದನೇ ಕ್ಲಾಸಿನಿಂದ ಲೇಸು ಕಡ್ಡಾಯ. ಒಂದು ನಂಬರು ದೊಡ್ಡದು. ಕಾಕಾ, "ಚಾಲೇಲ್," ಎಂದರು.

ಎಲ್ಲವೂ ಎಂದಿನಂತೆ ನಡೆದುಹೋಗುತ್ತಿತ್ತು. ನಡುವೆ ಬಂದದ್ದು ಲೇಜೀಮ್. ಈ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ: ಕಟ್ಟಿಗೆಯ ಹಿಡಿಕೆ, ಅದಕ್ಕೆ ಕಬ್ಬಿಣದ ಸರಪಳಿ, ಸರಪಳಿಯಲ್ಲಿ ಝಣಝಣ ಎನ್ನುವ ಬಿಲ್ಲೆಗಳು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಲಗಿ ಎಂಬ ತಮಟೆಯ ಬಡಿತಕ್ಕೆ ಸರಿಯಾಗಿ ಬಗ್ಗಿ, ಎದ್ದು, ಕುಕ್ಕರುಗಾಲಲ್ಲಿ ಕುಳಿತು, ಜಿಗಿದು ಕುಣಿಯಬೇಕು. ಅನಘಾಳ ಶಾಲೆಯಲ್ಲಿ ಐದನೇ ಕ್ಲಾಸಿನಿಂದ ಹುಡುಗಿಯರನ್ನು ಲೇಜೀಮ್‌ಗೆ ಸೇರಿಸಿಕೊಳ್ಳುತ್ತಾರೆ. ಅವಳು ಒಂದನೇ ಕ್ಲಾಸಿನಿಂದ ಈ ದಿನಕ್ಕಾಗಿ ಕಾದಿದ್ದಳು. ಮನೆಯಲ್ಲಿ ಲಟ್ಟಣಿಗೆಗೆ ಬೀಗದ ಕೈ ಗೊಂಚಲು ಕಟ್ಟಿ ಕುಣಿಯುತ್ತಿದ್ದಳು. ಚಪಾತಿ ಮಾಡುವ ಹೊತ್ತಿಗೆ ಲಟ್ಟಣಿಗೆ ಸಿಗದೆ, ಮನೆಯಿಂದ ಹೊರಡುವ ಹೊತ್ತಿಗೆ ಬೀಗದ ಕೈ ಸಿಗದೆ ನಾವೆಲ್ಲ ಪರದಾಡಿದ್ದೇವೆ. ಜುಲೈನಲ್ಲಿ ಆಯ್ಕೆಯಾಯಿತು. ಅವಳಿಗೆ ಮೊದಲ ಸಾಲು ಸಿಕ್ಕಿತು. ಆಗಸ್ಟ್‌ನ ಧ್ವಜವಂದನೆಯ ದಿನ ಎಲ್ಲರ ಮುಂದೆ ಕುಣಿಯುವ ಸಾಲು ಅದು. ಆಯ್ಕೆಯಾದ ದಿನ ಅವಳು ಊಟಕ್ಕೂ ಒಂದು ಕಡೆ ಕೂರಲಿಲ್ಲ.

ತಾಲೀಮಿನ ಎರಡನೇ ವಾರ ಒಂದು ಸಂಜೆ ಅವಳು ಮನೆಗೆ ಬಂದವಳೇ ದಪ್ತರ ಒಗೆದು ಅಜ್ಜಿಯ ಮಂಚದ ಮೇಲೆ ಮುಖ ಹುದುಗಿಸಿ ಮಲಗಿದಳು. ಏನಾಯಿತೆಂದು ಕೇಳುತ್ತ ಅವ್ವ ಬಹಳ ಹೊತ್ತು ತಲೆ ಸವರಿದ ಮೇಲೆ ಬಾಯಿ ಬಿಟ್ಟಳು. "ಪಿ.ಟಿ. ಸರ್ ನನ್ನ ಹಿಂದಿನ ಸಾಲಿಗೆ ಹಾಕಿದ್ರು."

"ಯಾಕಂತ?" ಎಂದೆ ನಾನು, ಅನ್ಯಾಯವನ್ನು ವಿಚಾರಿಸಲು ಆಗಲೇ ಹೊರಟು ನಿಂತವನಂತೆ.

"ಎಲ್ಲಾರೂ ಜಿಗದ ಮ್ಯಾಲೆ ನಾ ಜಿಗೀತೀನಂತ. ನಾ ಕರೆಕ್ಟ ಟೈಮಿಗೇ ಜಿಗೀತೀನಿ, ಅಪ್ಪಾ. ಬೂಟ ಹಿಂದ ಉಳೀತದ. ಅದು ಬರೂತನಾ ಕಾಯಬೇಕಲ್ಲಾ?"

ಇಷ್ಟು ಹೇಳಿ ಮತ್ತೆ ಅತ್ತಳು. ಬರುವ ಶನಿವಾರ ಸರ್ ಇನ್ನೊಮ್ಮೆ ನೋಡುತ್ತಾರಂತೆ. ಅಷ್ಟರಲ್ಲಿ ಸರಿಹೋದರೆ ಮೊದಲ ಸಾಲು, ಇಲ್ಲದಿದ್ದರೆ ಹಿಂದೆಯೇ. ಶೈಲಜಾ ನನ್ನನ್ನು ನೋಡಿದಳು. ಅವ್ವ ನನ್ನನ್ನು ನೋಡಿದಳು. ಮನೆಯಲ್ಲಿ ಮೂರು ಜನ ಹೆಂಗಸರು ಒಂದೇ ಕಡೆಯಾದಾಗ ಗಂಡಸು ತಾಂತ್ರಿಕ ಪರಿಹಾರಗಳ ಕಡೆ ತಿರುಗುತ್ತಾನೆ. ಮೊದಲು ಎರಡು ಜೊತೆ ಸಾಕ್ಸ್ ಹಾಕಿಸಿದೆ. ಕಾಲು ಬೆವೆತು ಜಾರತೊಡಗಿತು. ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟು ಕತ್ತರಿಸಿ ಒಳಗೆ ಹಾಸಿದೆ. ನಡೆದರೆ ಕಿರ್ ಕಿರ್ ಎಂದು ಸದ್ದು ಬಂದು, ಲೇಜೀಮ್‌ಗೇ ಪೈಪೋಟಿ ಕೊಟ್ಟಿತು. ಬಾಲ್ಕನಿಯ ಡಬ್ಬಿಯಿಂದ ಹತ್ತಿ ತೆಗೆದು ತುರುಕಿದೆ. ಮೂರು ಜಿಗಿತಕ್ಕೆ ಅದು ಉಂಡೆಯಾಗಿ ಬೆರಳಿನ ಕೆಳಗೆ ಸೇರಿತು. ಲೇಸನ್ನು ಪಾದದ ಅಡಿಯಿಂದ ಸುತ್ತಿ ತಂದು ಕಟ್ಟಿದೆ. "ಇದು ಬೂಟಲ್ರೀ, ಪಾರ್ಸಲ್ ಆತು," ಎಂದಳು ಶೈಲಜಾ.

"ಈಗ ಅಳತೀಗೆ ಬರೋಬ್ಬರಿ ತಂದ್ರ ದೀಪಾವಳಿಗೆ ಬಿಗಿ ಆಗ್ತದ. ಆವಾಗ ಏನ್ ಮಾಡ್ತಿ?" ಎಂದು ನಾನು ಕೇಳಿದೆ.

"ದೀಪಾವಳಿಗೆ ದೀಪಾವಳಿ ನೋಡೂಣ್ರಿ. ಆಗಸ್ಟಿನಾಗ ಕುಣಿಯೂ ಹುಡುಗಿಗೆ ನವೆಂಬರಿನ ಬೂಟ ಯಾಕ ಹಾಕ್ತೀರಿ?"

ಈ ಮಾತಿಗೂ ಪೇಪರು ಓದಬಹುದಿತ್ತು. ಆದರೆ ಪೇಪರನ್ನು ಅವ್ವ ತೆಗೆದು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಮರುದಿನ ನಿಯಮ ಮುರಿದು, ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋದೆವು. ಅವಳು ದೀಪದ ಬೂಟುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕರಿ ಬೂಟು ಹಾಕಿಕೊಂಡು, ಎದ್ದು ನಿಂತು, ಒಂದು ಸಲ ಜಿಗಿದು, "ಇದೇ," ಎಂದಳು. ಕಾಲಿಗೆ ಸರಿಯಾಗಿ ಕೂತ ಬೂಟು. ಬೆಳೆಯಲು ಜಾಗವೆಂದರೆ ಹೆಸರಿಗಷ್ಟು. ಕಾಕಾ "ಚಾಲೇಲ್" ಎಂದದ್ದು ನನಗೆ ಮೊದಲ ಬಾರಿಗೆ ದ್ರೋಹದಂತೆ ಕೇಳಿಸಿತು. ನಾನು ಅಂಗಡಿಯಲ್ಲೂ, ಸ್ಕೂಟರಿನ ಮೇಲೂ, ಮನೆಯಲ್ಲೂ ನನ್ನ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ. ಬೂಟಿನ ಆಯುಷ್ಯದ ಬಗ್ಗೆ, ಬೆಳವಣಿಗೆಯ ಬಗ್ಗೆ, ನನ್ನ ತಂದೆಯ ದೂರದೃಷ್ಟಿಯ ಬಗ್ಗೆ ಸಾಕಷ್ಟು ವಿವರವಾಗಿಯೇ ಮಾತಾಡಿದೆ. ಅನಘಾ ಬೂಟಿನ ಡಬ್ಬಿಯನ್ನು ಎದೆಗವಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು.

ಶನಿವಾರ ಅವಳು ಮೊದಲ ಸಾಲಿಗೆ ವಾಪಸಾದಳು. ಆಗಸ್ಟ್‌ನ ಆ ಬೆಳಿಗ್ಗೆ ನಾವು ಮೂವರೂ ಶಾಲೆಯ ಮೈದಾನದ ಅಂಚಿನಲ್ಲಿ ಛತ್ರಿ ಹಿಡಿದು ನಿಂತಿದ್ದೆವು. ಹಲಗಿ ಬಡಿದ ಕೂಡಲೇ ಹುಡುಗಿಯರೆಲ್ಲ ಒಂದೇ ಸಲ ಬಗ್ಗಿ ಎದ್ದರು. ಅವಳು ಎಡತುದಿಯಲ್ಲಿದ್ದಳು. ಉಳಿದ ತಂದೆಯರು ಮಕ್ಕಳ ಮುಖ ನೋಡುತ್ತಿದ್ದರೇನೋ, ನಾನು ಬೂಟು ನೋಡುತ್ತಿದ್ದೆ. ಕಾಲು ಎದ್ದಾಗ ಬೂಟು ಎದ್ದಿತು, ಕಾಲು ಇಳಿದಾಗ ಇಳಿಯಿತು. ಎಲ್ಲೂ ಒಂದು ಕ್ಷಣ ಹಿಂದೆಮುಂದೆ ಇಲ್ಲ. ನಾನು ತಪಾಸಣೆ ಮಾಡಿದ ಬೇರಿಂಗ್ ಕೂಡ ಅಷ್ಟು ಚೆನ್ನಾಗಿ ತಿರುಗಿದ್ದನ್ನು ನೋಡಿಲ್ಲ. ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ, ದೀಪಾವಳಿ ಬರಲಿ ನೋಡೋಣ ಎಂದು ಯಾರೋ ಕುಳಿತಿದ್ದರು.

ದೀಪಾವಳಿ ಬಂತು, ಹೋಯಿತು. ರಜೆ ಮುಗಿದು ಶಾಲೆ ಮತ್ತೆ ಶುರುವಾಯಿತು. ಅನಘಾ ಬೂಟಿನ ಬಗ್ಗೆ ಚಕಾರವೆತ್ತಲಿಲ್ಲ. ನಾನೇ ದಿನಾ ಸಂಜೆ ಸುಮ್ಮನೆ ಕೇಳಿದಂತೆ ಕೇಳುತ್ತಿದ್ದೆ. "ಬೂಟ ಹ್ಯಾಂಗ ಅದ?" "ಛಲೋ ಅದ, ಅಪ್ಪಾ." "ಬಿಗಿ ಏನರ?" "ಇಲ್ಲ." ನನ್ನ ಲೆಕ್ಕ ತಪ್ಪಿತೇ ಎಂದು ನನಗೆ ಸ್ವಲ್ಪ ಬೇಸರವೂ ಆಯಿತು. ಅವಳು ಶಾಲೆಯಿಂದ ಬಂದು ಕೆಳಗೆ ಲಿಫ್ಟಿನ ಹತ್ತಿರವೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಬರುವುದನ್ನು ನೋಡಿದೆ. ಮನೆಯಲ್ಲಿ ಮಣ್ಣಾಗಬಾರದೆಂದು ಹಾಗೆ ಮಾಡುತ್ತಾಳೆ, ನನ್ನ ಶಿಸ್ತು ಬಂದಿದೆ ಎಂದುಕೊಂಡೆ. ಆಮೇಲೆ ಒಂದು ದಿನ ಅವಳು, ಡಿಸೆಂಬರಿನ ಗ್ಯಾದರಿಂಗ್‌ನಲ್ಲಿ ಲೇಜೀಮ್ ಮಾಡುವುದಿಲ್ಲ, ಸೋಮವಾರ ಸರ್‌ಗೆ ಹೇಳಿ ಹೆಸರು ತೆಗೆಸುತ್ತೇನೆ ಎಂದಳು. ಗ್ಯಾದರಿಂಗ್ ಎಂದರೆ ಇಲ್ಲಿಯ ಶಾಲೆಗಳ ವಾರ್ಷಿಕೋತ್ಸವ. ವರ್ಷದ ದೊಡ್ಡ ಕಾರ್ಯಕ್ರಮ. "ಯಾಕ?" ಎಂದರೆ, "ಬ್ಯಾಸರಾಗ್ಯದ," ಎಂದಳು. ಲಟ್ಟಣಿಗೆ ಕೆಲವು ದಿನಗಳಿಂದ ಅಡುಗೆಮನೆಯಲ್ಲೇ ಇತ್ತು. ಬೀಗದ ಕೈ ಮೊಳೆಯ ಮೇಲೇ ಇತ್ತು. ಮಕ್ಕಳ ಹುಚ್ಚು ಇಷ್ಟೇ, ಬರುತ್ತದೆ ಹೋಗುತ್ತದೆ ಎಂದು ನಾನು ಶೈಲಜಾಳಿಗೆ ತಿಳಿಸಿ ಹೇಳಿದೆ.

ಆ ಭಾನುವಾರ ಅವ್ವ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆಯಲು ಕುಳ್ಳಿರಿಸಿಕೊಂಡಿದ್ದಳು. ಪಾದಕ್ಕೆ ಬಂದಾಗ ಹುಡುಗಿ ಕಾಲು ಹಿಂದಕ್ಕೆಳೆದುಕೊಂಡಳು. ಅವ್ವ ಬಿಡುವವಳೇ? ಹಿಡಿದು ನೋಡಿ, "ಇಲ್ಲಿ ಬಾ," ಎಂದು ನನ್ನನ್ನು ಕರೆದಳು. ಆ ದನಿ ಕೇಳಿ ಶೈಲಜಾಳೂ ಅಡುಗೆಮನೆಯಿಂದ ಬಂದಳು. ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆದು ಮತ್ತೆ ಎದ್ದಿತ್ತು. ಹೆಬ್ಬೆರಳಿನ ಉಗುರು ಮಾಸಿದ ನೇರಳೆ ಬಣ್ಣಕ್ಕೆ ತಿರುಗಿತ್ತು. ಎಷ್ಟೋ ದಿನದ ಗಾಯ.

"ಯಾಕ ಹೇಳಲಿಲ್ಲವಾ ನನ್ನ ಬಂಗಾರಾ?" ಎಂದಳು ಅವ್ವ.

ಅನಘಾ ನನ್ನ ಕಡೆ ನೋಡದೆ ಹೇಳಿದಳು: "ಹೇಳಿದ್ರ ಅಪ್ಪಾ 'ನಾ ಮದ್ಲ ಹೇಳಿದ್ದೆ' ಅಂತಾರ."

ನನಗೆ ನಾಚಿಕೆಯಾಯಿತು. ಅವಳ ಮಾತಿಗೆ ನಾಚಿಕೆಯಾಯಿತು ಎಂದರೆ ಅರ್ಧ ಸತ್ಯ. ಗಾಯ ನೋಡಿದ ಕ್ಷಣದಲ್ಲಿ ಆ ಮಾತು ನಿಜವಾಗಿಯೂ ನನ್ನ ಬಾಯಿಗೆ ಬಂದಿತ್ತು. ತುಟಿ ತೆರೆದಿತ್ತು. ಅವಳು ಒಂದು ಉಸಿರು ಮುಂಚೆ ಹೇಳಿದಳು, ಅಷ್ಟೇ. ತೆರೆದ ಬಾಯಿಯನ್ನು ಏನು ಮಾಡುವುದೆಂದು ತಿಳಿಯದೆ, "ಮುಲಾಮು ಎಲ್ಲಿ ಅದ?" ಎಂದು ಕೇಳಿದೆ. ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಇಟ್ಟವನು ನಾನೇ. ಆ ಹುಡುಗಿ ಎರಡು ಕಾಲಿನ ನೋವನ್ನೂ, ಅಷ್ಟು ವರ್ಷ ಕಾದ ಲೇಜೀಮನ್ನೂ ತಕ್ಕಡಿಯ ಒಂದು ತಟ್ಟೆಗೆ ಹಾಕಿ, ನನ್ನ ಒಂದು ಮಾತನ್ನು ಇನ್ನೊಂದಕ್ಕೆ ಹಾಕಿ ತೂಗಿ ನೋಡಿದ್ದಳು. ನನ್ನ ಮಾತೇ ಭಾರವೆನಿಸಿತ್ತು. ಶೈಲಜಾ ಒಳಗೆ ಹೋಗಿ ಮುಲಾಮು ತಂದು ನನ್ನ ಕೈಗಿಟ್ಟಳು.

ಗಾಯ ಮಾಯುವವರೆಗೆ ಚಪ್ಪಲಿ ಹಾಕಿಕೊಂಡು ಬರಲಿ ಎಂದು ಶಾಲೆಯಿಂದ ಒಪ್ಪಿಗೆ ತೆಗೆದುಕೊಂಡೆವು. ಲೇಜೀಮ್‌ನ ಪಟ್ಟಿಯಿಂದ ಹೆಸರು ತೆಗೆಯಬೇಡಿರೆಂದು ನಾನೇ ಹೋಗಿ ಪಿ.ಟಿ. ಸರ್‌ಗೆ ಹೇಳಿ ಬಂದೆ. ಮುಂದಿನ ಭಾನುವಾರ ಮೂವರೂ ಕಾಕಾರ ಅಂಗಡಿಗೆ ಹೋದೆವು. ಕಡ್ಡಿ ಒಯ್ಯಲಿಲ್ಲ. ಈ ಸಲ ಎಲ್ಲವನ್ನೂ ಮಗಳಿಗೇ ಬಿಡಬೇಕೆಂದು ನಿಶ್ಚಯಿಸಿದ್ದೆ. ಆದರೆ ಅವಳು ಬೆಂಚಿನ ಮೇಲೆ ಕುಳಿತವಳೇ, "ಕಾಕಾ, ಏಕ ನಂಬರ ಮೋಠಾ ದ್ಯಾ," ಎಂದಳು. ಒಂದು ನಂಬರು ದೊಡ್ಡದು ಕೊಡಿ ಅಂತ. ನನ್ನ ತಂದೆಯೇ ಮೆಟ್ಟಿಲು ಹತ್ತಿ ಬಂದು ಹೇಳಿದಂತಾಯಿತು. "ನಕೋ, ನಕೋ, ಬರೋಬರ ದ್ಯಾ," ಬೇಡ, ಸರಿಯಾದದ್ದೇ ಕೊಡಿ, ಎಂದೆ ನಾನು. "ಇರ್ಲಿ ಅಪ್ಪಾ, ದೊಡ್ಡದಽ ತಗೊಳ್ಳೂಣು. ನೀವು ಹೇಳಿದ್ದು ಖರೇ." "ಛೇ, ಕುಣಿಯಾಕ ಬರೋಬ್ಬರಿನಽ ಬೇಕು." ನಾಲ್ಕು ತಿಂಗಳ ಹಿಂದೆ ಇದೇ ಜಾಗದಲ್ಲಿ ಇದೇ ಇಬ್ಬರು ಇದೇ ಜಗಳವನ್ನು ಉಲ್ಟಾ ಆಡಿದ್ದನ್ನು ನೋಡಿದ್ದ ಕಾಕಾ ತಲೆ ಕೆರೆದುಕೊಂಡು ಎರಡೂ ಡಬ್ಬಿ ಇಳಿಸಿ, "ದೋನ್ಹೀ ಚಾಲೇಲ್," ಎರಡೂ ನಡೀತಾವೆ, ಎಂದರು.

ಒಂದನ್ನು ಹಾಕಿದರು. "ಚಾವತೋಯ ಕಾ?" ಕಚ್ಚುತ್ತದೆಯೇ ಎಂದು ಕೇಳಿದರು. ಅನಘಾ ಬೂಟು ನೋಡಲಿಲ್ಲ, ಕಾಲು ನೋಡಲಿಲ್ಲ. ನನ್ನ ಮುಖ ನೋಡಿದಳು. ಉತ್ತರ ಅಲ್ಲಿದೆಯೇನೋ ಎಂಬಂತೆ. ನಾನು ಮುಖದಲ್ಲಿ ಏನೂ ಕಾಣದಂತೆ ಮಾಡಿಕೊಂಡೆ. ಅದನ್ನು ಅವಳು ಸಿಟ್ಟೆಂದು ತಿಳಿದು, "ಇಲ್ಲ, ಛಲೋ ಅದ," ಎಂದುಬಿಟ್ಟಳು. ಸ್ವಲ್ಪ ನಕ್ಕೆ. ಅದನ್ನು ಏನೆಂದು ತಿಳಿದಳೋ, "ಸ್ವಲ್ಪ ಬಿಗಿ," ಎಂದಳು. ಇದು ಸರಿಹೋಗುವುದಿಲ್ಲವೆಂದು ಮುಖವನ್ನೇ ಆಚೆ ತಿರುಗಿಸಿದೆ. ಅಲ್ಲಿ ಕನ್ನಡಿ. ಕನ್ನಡಿಯಲ್ಲೂ ಅವಳು ನನ್ನನ್ನೇ ನೋಡುತ್ತಿದ್ದಳು.

"ನೀವು ಸ್ವಲ್ಪ ಹೊರಗ ನಿಂದರ್ರಿ," ಎಂದಳು ಶೈಲಜಾ.

ಹೊರಗೆ ಹೋಗಿ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತೆ. ಗಾಜಿನ ಬಾಗಿಲಿನೊಳಗೆ ಎಲ್ಲಾ ಕಾಣುತ್ತಿತ್ತು. ನಾನು ಹೊರಬಿದ್ದ ಸ್ವಲ್ಪ ಹೊತ್ತಿಗೆಲ್ಲ ಹುಡುಗಿ ಎದ್ದು ಅತ್ತಿಂದಿತ್ತ ನಡೆದಳು. ಒಂದು ಜೊತೆ ಬಿಚ್ಚಿ ಇನ್ನೊಂದನ್ನು ಹಾಕಿದಳು. ಮೂಗು ಮುರಿದಳು, ತಾಯಿಗೆ ಏನೋ ಹೇಳಿ ನಕ್ಕಳು. ಆಮೇಲೆ ಕೈಯಲ್ಲಿ ಇಲ್ಲದ ಲೇಜೀಮ್ ಹಿಡಿದು, ಬಗ್ಗಿ, ಕುಳಿತು, ಎದ್ದು ಜಿಗಿದಳು. ಕಾಕಾ ಕೂಡ ಕೌಂಟರಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಸರಿಯಾದ ಬೂಟು ಆರಿಸುವ ಬಗ್ಗೆ ನಾನು ಕಲಿತದ್ದನ್ನು ಯಾರಾದರೂ ಕೇಳಿದರೆ ಈಗ ಒಂದೇ ಮಾತಿನಲ್ಲಿ ಹೇಳಬಲ್ಲೆ: ತಂದೆಯನ್ನು ರಸ್ತೆಯಲ್ಲಿ ನಿಲ್ಲಿಸಬೇಕು.

ಡಬ್ಬಿ ಹಿಡಿದು ಹೊರಬಂದ ಮಗಳು, "ಯಾವ ನಂಬರ ಅಂತ ಕೇಳೂದಿಲ್ಲೇನ್ರಿ ಅಪ್ಪಾ?" ಎಂದಳು.

"ಇಲ್ಲವ್ವಾ. ನಿನಗ ಸರಿ ಅನಿಸಿತಿಲ್ಲೋ, ಸಾಕು," ಎಂದೆ. ದಾರಿಯುದ್ದಕ್ಕೂ ಕೇಳಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗಲೂ ಕೇಳಲಿಲ್ಲ. ಎಷ್ಟು ಕಷ್ಟವಾಯಿತೆಂದು ಯಾರಿಗೂ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಅವಳು ಡಬ್ಬಿಯನ್ನು ಒಳಗೊಯ್ದು, ಬಾಗಿಲು ಹಾಕಿಕೊಂಡು ಏನೋ ಮಾಡಿ, ಬೂಟನ್ನು ತಂದು ಸ್ಟ್ಯಾಂಡಿನಲ್ಲಿಟ್ಟು ಕೆಳಗೆ ಆಡಲು ಹೋದಳು. ಅವಳು ಲಿಫ್ಟು ಹತ್ತಿದ್ದು ಖಾತ್ರಿಯಾದ ಕೂಡಲೇ ನಾನು ಡಬ್ಬಿ ಹುಡುಕಿ ತಿರುಗಿಸಿ ನೋಡಿದೆ. ನಂಬರಿನ ಚೀಟಿಯನ್ನು ನೀಟಾಗಿ ಕಿತ್ತು ತೆಗೆದಿದ್ದಳು. ಬೂಟನ್ನು ಮಗುಚಿದೆ. ಅಡಿಯಲ್ಲಿ ನಂಬರು ಇರುವ ಕಡೆ ಕರಿ ಸ್ಕೆಚ್ ಪೆನ್ನಿನಿಂದ ಗೀಚಿ, ಮತ್ತೆ ಗೀಚಿ, ಏನೂ ಕಾಣದಂತೆ ಮಾಡಿದ್ದಳು. ಎರಡೂ ಕಾಲಿನದನ್ನು. ಆದರೆ ಬೂಟಿನ ಅಡಿಯ ನಂಬರು ಬರೆದದ್ದಲ್ಲ, ಒತ್ತಿ ಮೂಡಿಸಿದ್ದು. ಬೆರಳಾಡಿಸಿದರೆ ತಿಳಿಯುತ್ತದೆ. ಆಡಿಸಿದೆ. ತಿಳಿಯಿತು. ತಿಳಿಯಿತೆಂದು ಶೈಲಜಾಳಿಗೆ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ. ಯಾವ ನಂಬರೆಂದು ನಿಮಗೂ ಹೇಳುವುದಿಲ್ಲ. ಹೇಳಹೊರಟರೆ ಅದರ ಬೆನ್ನಿಗೇ 'ನಾ ಮದ್ಲ...' ಎಂಬ ಆ ಇನ್ನೊಂದು ಮಾತೂ ಬಂದುಬಿಡುತ್ತದೆ.